ಸೋತ ಸೇನೆಯ ಬಾವುಟ

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಅದು ಏಕೆ ನಡೆಯಿತೆಂಬ ಜಗಳ ಮುಗಿದಿಲ್ಲ. ರಾಜ್ಯಗಳ ಹಕ್ಕಿಗಾಗಿ ಹೋರಾಡಿದೆವು ಎನ್ನುವುದು ದಕ್ಷಿಣದವರ ಹಳೆಯ ವಾದ. ಯಾವ ಹಕ್ಕು? 1861ರಲ್ಲಿ ಒಕ್ಕೂಟ ತೊರೆದ ಮಿಸಿಸಿಪ್ಪಿ, ಗುಲಾಮಗಿರಿಯೇ ಕಾರಣವೆಂದು ತನ್ನ ಘೋಷಣಾಪತ್ರದಲ್ಲೇ ಬರೆದಿಟ್ಟಿದೆ. ಕಪ್ಪುಜನರು ಬಿಳಿಯರಿಗೆ ಸಮರಲ್ಲವೆಂಬುದೇ ದಕ್ಷಿಣದ ರಾಜ್ಯಗಳು ಕಟ್ಟಿದ ಹೊಸ ಸರ್ಕಾರದ ತಳಪಾಯ ಎಂದು ಅದರ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ ಸಾರಿದ್ದ. ಸೋತ ಮೇಲೆ ಆತನೇ ವರಸೆ ಬದಲಿಸಿದ್ದು ಬೇರೆ ಮಾತು.

ಇನ್ನು ದಕ್ಷಿಣದ ಸೇನೆಯ ಬಾವುಟ. ಕೆಂಪು ನೆಲದ ಮೇಲೆ ನಕ್ಷತ್ರ ತುಂಬಿದ ನೀಲಿ ಓರೆಪಟ್ಟಿಗಳಿರುವ ಅದು ಮೂಲತಃ ರಣಧ್ವಜ. ಸೌತ್ ಕ್ಯಾರೊಲಿನಾ ಅದನ್ನು ಶಾಸನಭವನದಲ್ಲಿ ಏರಿಸಿದ್ದು 1961ರಲ್ಲಿ. ನೆಪ ಯುದ್ಧದ ಶತಮಾನೋತ್ಸವ. ಹೊರಗೆ ಕಾವೇರಿದ್ದು ನಾಗರಿಕ ಹಕ್ಕುಗಳ ಚಳವಳಿ.

2015ರ ಜೂನ್‌ನಲ್ಲಿ ಅದೇ ರಾಜ್ಯದ ಚಾರ್ಲ್ಸ್‌ಟನ್ ಚರ್ಚಿನಲ್ಲಿ ಒಂಬತ್ತು ಕಪ್ಪುಜನರನ್ನು ಕೊಂದ ಬಿಳಿಯ ಯುವಕ ಇದೇ ಬಾವುಟ ಹಿಡಿದ ಫೋಟೊಗಳು ಹೊರಬಂದವು. ಮರುತಿಂಗಳು ಅದು ಶಾಸನಭವನದ ಆವರಣದಿಂದ ಇಳಿಯಿತು. ತನ್ನ ರಾಜ್ಯಧ್ವಜದಿಂದ ಆ ಗುರುತು ಕೈಬಿಡಲು ಮಿಸಿಸಿಪ್ಪಿಗೆ 2020ರವರೆಗೆ ಬೇಕಾಯಿತು.