ಬಾತುಮರಿಗೆ ಬರಿ ಅನ್ನ ಸಾಲದು

ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕನಕಪುರ ರಸ್ತೆ ಕಡೆಯ ಹಳ್ಳಿಯಿಂದ ರೈತಮಹಿಳೆಯೊಬ್ಬರು ಮಂಕರಿ ಹೊತ್ತು ನಮ್ಮ ಕಚೇರಿಗೆ ಬಂದರು. ಮೇಲೆ ಮುಚ್ಚಿದ್ದ ಗೋಣಿತಾಟು ಸರಿಸಿದರೆ ಒಳಗೆ ಎರಡು ವಾರ ದಾಟಿದ ಏಳು ಬಾತುಮರಿಗಳು. ಕಣ್ಣು ಚುರುಕಾಗಿವೆ, ಕೂಗುತ್ತಿವೆ, ಆದರೆ ಒಂದೂ ಎದ್ದು ನಿಲ್ಲುತ್ತಿಲ್ಲ. ನೆಲಕ್ಕೆ ಬಿಟ್ಟರೆ ರೆಕ್ಕೆ ಊರಿ ತೆವಳುತ್ತಿದ್ದವು.

"ಹನ್ನೆರಡು ತಂದಿದ್ದೆ ಸ್ವಾಮಿ. ಮೂರು ಸತ್ತವು. ಎರಡನ್ನ ಜಯನಗರದೋರು ಮಗು ಆಡ್ಕೊಳ್ಳಲಿ ಅಂತ ತಗೊಂಡೋದ್ರು. ಉಳಿದ ಏಳೂ ಹಿಂಗೇ ಕುಂತುಬಿಟ್ಟವೆ. ಏನೋ ರೋಗ ಬಂದೈತೆ, ಒಂದು ಇಂಜೆಕ್ಷನ್ ಕೊಡಿಸಿ" ಎಂದರು.

"ಮೇವು ಏನು ಹಾಕ್ತಿದ್ದೀರಮ್ಮ?" ಎಂದು ಕೇಳಿದೆ.

"ಅನ್ನ, ನುಚ್ಚು. ನಾವು ತಿನ್ನೋದನ್ನೇ ಹಾಕಿವ್ನಿ. ಒಂದಿನಕ್ಕೂ ಕಡಿಮೆ ಮಾಡಿಲ್ಲ."

ಆಕೆ ಹೇಳಿದ್ದು ಸುಳ್ಳಲ್ಲ. ಮರಿಗಳ ಹೊಟ್ಟೆ ಖಾಲಿ ಇರಲಿಲ್ಲ. ಪಶು ಆಸ್ಪತ್ರೆಗೆ ಕರೆದೊಯ್ದಾಗ ವೈದ್ಯರು ಪರೀಕ್ಷಿಸಿ, ಇದು ಅಂಟುರೋಗವಲ್ಲ, ಆಹಾರದ ಕೊರತೆ ಎಂದು ತಿಳಿಸಿದರು. ಹೊಟ್ಟೆ ತುಂಬ ತಿಂದ ಮರಿಗೆ ಕೊರತೆ ಹೇಗೆ ಬಂತು ಎಂಬುದನ್ನು ಬಾತು ಸಾಕುವ ಪ್ರತಿಯೊಬ್ಬ ರೈತರೂ ತಿಳಿದಿರುವುದು ಅವಶ್ಯ.

ಕೋಳಿಮರಿ ಬೇರೆ, ಬಾತುಮರಿ ಬೇರೆ

ಬಾತುಮರಿ ಬೆಳೆಯುವ ವೇಗ ಹೆಚ್ಚು. ಮೊಟ್ಟೆಯೊಡೆದು ಬಂದಾಗ ಒಂದು ಹಿಡಿಯಷ್ಟಿರುವ ವೈಟ್ ಪೆಕಿನ್ ತಳಿಯ ಮರಿ, ಒಳ್ಳೆಯ ಆಹಾರ ದೊರೆತರೆ, ಆರು ವಾರಗಳಲ್ಲಿ ಎರಡು ಕಿಲೋ ಮೀರಿ ತೂಗುತ್ತದೆ. ಇಷ್ಟು ಬೇಗ ಮೈ ಕಟ್ಟಬೇಕಾದರೆ ಮಾಂಸಖಂಡಕ್ಕೆ ಸಸಾರಜನಕ, ಮೂಳೆಗೆ ಸುಣ್ಣ ಮತ್ತು ರಂಜಕ, ಇವೆಲ್ಲವೂ ಮೈಗೆ ಹತ್ತಲು ಜೀವಸತ್ವಗಳು ಬೇಕು.

ಮೊದಲ ವಾರಗಳಲ್ಲಿ ಬಾತುಮರಿಯ ಆಹಾರದಲ್ಲಿ ನೂರಕ್ಕೆ 20ರಿಂದ 22 ಭಾಗ ಸಸಾರಜನಕವಿರಬೇಕು. ಅಕ್ಕಿಯಲ್ಲಿರುವುದು ನೂರಕ್ಕೆ ಸುಮಾರು 7 ಭಾಗ ಮಾತ್ರ. ರಾಗಿಯ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಮರಿ ಎಷ್ಟೇ ಅನ್ನ ತಿಂದರೂ ಬೇಕಾದದ್ದರ ಮೂರನೆಯ ಒಂದು ಪಾಲು ಮಾತ್ರ ಅದಕ್ಕೆ ದೊರೆಯುತ್ತದೆ.

ಇನ್ನೊಂದು ಮುಖ್ಯ ಸಂಗತಿ ನಯಾಸಿನ್ ಎಂಬ ಜೀವಸತ್ವದ್ದು. 'ಬಿ' ಗುಂಪಿಗೆ ಸೇರಿದ ಇದು ಕಾಲಿನ ಮೂಳೆ ಮತ್ತು ಕೀಲುಗಳ ಬೆಳವಣಿಗೆಗೆ ಬೇಕೇಬೇಕು. ಒಂದು ಕಿಲೋ ಆಹಾರದಲ್ಲಿ ಮೊಟ್ಟೆಕೋಳಿಯ ಮರಿಗೆ 27 ಮಿಲಿಗ್ರಾಂ ನಯಾಸಿನ್ ಸಾಕಾದರೆ, ಬಾತುಮರಿಗೆ 55 ಮಿಲಿಗ್ರಾಂ ಬೇಕು. ಅಂದರೆ ಎರಡರಷ್ಟು. ಇದು ಸಾಲದಿದ್ದರೆ ಹಿಮ್ಮಡಿಯ ಕೀಲು ಊದುತ್ತದೆ, ಕಾಲು ಬಿಲ್ಲಿನಂತೆ ಬಾಗುತ್ತದೆ, ಮರಿ ಕುಳಿತಲ್ಲೇ ಕೂರುತ್ತದೆ. ಮುಸುಕಿನ ಜೋಳದಲ್ಲಿ ನಯಾಸಿನ್ ಇದ್ದರೂ ಅದರ ಬಹುಪಾಲು ಮರಿಯ ಮೈಗೆ ದಕ್ಕದ ರೂಪದಲ್ಲಿರುತ್ತದೆ. ಆದ್ದರಿಂದ ಕೋಳಿಮರಿಯ ಆಹಾರವನ್ನೇ ಬಾತುಮರಿಗೆ ಹಾಕುವವರು ನಯಾಸಿನ್ನನ್ನು ಪ್ರತ್ಯೇಕವಾಗಿ ಸೇರಿಸಬೇಕಾಗುತ್ತದೆ.

ಕೆರೆ ಹಾಕುತ್ತಿದ್ದ ಊಟ

"ನಮ್ಮ ಹಿರೀಕರು ಈ ಲೆಕ್ಕವೆಲ್ಲ ಇಲ್ಲದೆಯೇ ಬಾತು ಸಾಕಲಿಲ್ಲವೆ?" ಎಂದು ಕೆಲವರು ಕೇಳುತ್ತಾರೆ. ಸಾಕಿದ್ದು ನಿಜ. ಆದರೆ ಅಂದು ಬಾತಿಗೆ ಊಟ ಹಾಕುತ್ತಿದ್ದುದು ಕೆರೆ ಮತ್ತು ಗದ್ದೆ. ಬೆಂಗಳೂರಿನ ದಕ್ಷಿಣ ಭಾಗವನ್ನೇ ನೋಡಿ. ಬಿ.ಟಿ.ಎಂ. ಬಡಾವಣೆಯ ಪಕ್ಕದ ಮಡಿವಾಳ ಕೆರೆ, ಜೆ.ಪಿ. ನಗರದ ಸಾರಕ್ಕಿ ಕೆರೆ, ಜಯನಗರ-ಬನಶಂಕರಿ ನಡುವಿನ ಯಡಿಯೂರು ಕೆರೆ, ಇವೆಲ್ಲ ಹಳ್ಳಿಗಳ ಕೆರೆಗಳಾಗಿದ್ದವು. ಕೆರೆಯಂಚಿನಲ್ಲಿ ಬಿಟ್ಟ ಬಾತು ಬಸವನಹುಳು, ಎರೆಹುಳು, ಕೀಟ, ಸಣ್ಣ ಮೀನು, ನೀರಿನ ಮೇಲೆ ತೇಲುವ ಹಸಿರೆಲೆ, ಉದುರಿದ ಭತ್ತ ಎಲ್ಲವನ್ನೂ ಹೆಕ್ಕಿ ತಿನ್ನುತ್ತಿತ್ತು. ಸಂಜೆ ಮನೆಗೆ ಬಂದಾಗ ನಾವು ಹಾಕುತ್ತಿದ್ದ ಹಿಡಿ ನುಚ್ಚು ಮೇಲೋಗರ ಮಾತ್ರ.

ಇಂದು ಗದ್ದೆಗಳ ಜಾಗದಲ್ಲಿ ಬಡಾವಣೆಗಳಿವೆ. ನಗರದ ಸುತ್ತಿನ ಹಲವು ಕೆರೆಗಳಿಗೆ ಚರಂಡಿ ನೀರು ಸೇರಿ, ಬಾತನ್ನು ಬಿಡುವುದೇ ಅಪಾಯವಾಗಿದೆ. ಹಿತ್ತಲಿನಲ್ಲಿ ಕೂಡಿಹಾಕಿದ ಮರಿಗೆ ನಾವು ಕೊಟ್ಟದ್ದೇ ಊಟ. ನಾವು ಕೊಡದಿದ್ದುದನ್ನು ಹುಡುಕಿಕೊಳ್ಳಲು ಅದಕ್ಕೆ ಬೇರೆ ದಾರಿ ಇಲ್ಲ.

ಜಾವಾದ ಕೋಳಿಗಳು ಕಲಿಸಿದ ಪಾಠ

ಹೊಟ್ಟೆ ತುಂಬಿದರೂ ಕೊರತೆ ಉಂಟಾಗಬಹುದೆಂದು ಜಗತ್ತಿಗೆ ಮೊದಲು ತೋರಿಸಿಕೊಟ್ಟವುಗಳಲ್ಲಿ ಕೋಳಿಗಳೂ ಸೇರಿವೆ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದರು. ಅವರು ಸಾಕಿದ್ದ ಕೋಳಿಗಳು ಇದ್ದಕ್ಕಿದ್ದಂತೆ ಕಾಲುಗಳ ಬಲ ಕಳೆದುಕೊಂಡವು. ವಿಚಾರಿಸಿದಾಗ, ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನವನ್ನು ಅವಕ್ಕೆ ಹಾಕುತ್ತಿದ್ದುದು ತಿಳಿಯಿತು. ಹೊಸದಾಗಿ ಬಂದ ಅಡುಗೆಯವನು ಆ ಅನ್ನ ಕೊಡಲು ಒಪ್ಪದೆ, ಕೋಳಿಗಳಿಗೆ ಪಾಲಿಶ್ ಮಾಡದ ಅಕ್ಕಿ ಸಿಕ್ಕಿದ ಮೇಲೆ ಅವು ಚೇತರಿಸಿಕೊಂಡವು. ತೌಡಿನೊಂದಿಗೆ ಹೊರಟುಹೋಗುತ್ತಿದ್ದ ಸತ್ವವೇ ಥಯಾಮಿನ್ ಎಂಬ ಜೀವಸತ್ವವೆಂದು ಮುಂದೆ ಗೊತ್ತಾಯಿತು. ಈ ಕೆಲಸಕ್ಕಾಗಿ ಐಕ್‌ಮನ್‌ರಿಗೆ 1929ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ನಯಾಸಿನ್ ಕೂಡ ತೌಡಿನಲ್ಲಿದೆ. ಅಕ್ಕಿಯನ್ನು ಬೆಳ್ಳಗೆ ಮಾಡಿ, ತೌಡನ್ನು ಹಸುವಿಗೆ ಹಾಕಿ, ಬಿಳಿ ಅನ್ನವನ್ನು ಬಾತುಮರಿಗೆ ಹಾಕುವ ನಾವು ಅದೇ ತಪ್ಪನ್ನು ಮತ್ತೆ ಮಾಡುತ್ತಿದ್ದೇವೆ.

ಮನೆಯಲ್ಲೇ ಸಮತೋಲನ ಆಹಾರ

ಮೊದಲ ಎಂಟು ವಾರಗಳಿಗೆ ಮರಿಗಳ ಆಹಾರವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಹತ್ತು ಕಿಲೋ ಮಿಶ್ರಣಕ್ಕೆ ಈ ಕೆಳಗಿನ ಪ್ರಮಾಣ ಅನುಕೂಲವಾಗಿದೆ:

ಮುಸುಕಿನ ಜೋಳದ ನುಚ್ಚು – 4.5 ಕಿಲೋ
ರಾಗಿ ಅಥವಾ ಅಕ್ಕಿ ನುಚ್ಚು – 1 ಕಿಲೋ
ಹೊಸ ಅಕ್ಕಿ ತೌಡು – 1 ಕಿಲೋ
ಎಣ್ಣೆ ತೆಗೆದ ಸೋಯಾ ಹಿಂಡಿ – 2.4 ಕಿಲೋ
ಉಪ್ಪು ಹಾಕದೆ ಒಣಗಿಸಿದ ಮೀನಿನ ಪುಡಿ – 800 ಗ್ರಾಂ
ಕೋಳಿಗಳ ಖನಿಜ ಮಿಶ್ರಣ – 275 ಗ್ರಾಂ
ಅಡುಗೆ ಉಪ್ಪು – 25 ಗ್ರಾಂ

ಇದರಲ್ಲಿ ನೂರಕ್ಕೆ ಸುಮಾರು 20 ಭಾಗ ಸಸಾರಜನಕವಿರುತ್ತದೆ. ಇದಕ್ಕೆ ನಯಾಸಿನ್ ಇರುವ ಜೀವಸತ್ವದ ಪುಡಿಯನ್ನು ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣದಲ್ಲಿ ಸೇರಿಸಬೇಕು. ಖನಿಜ ಮಿಶ್ರಣ, ಉಪ್ಪು, ಜೀವಸತ್ವದ ಪುಡಿಗಳನ್ನು ಮೊದಲು ಒಂದು ಸೇರು ನುಚ್ಚಿನಲ್ಲಿ ಚೆನ್ನಾಗಿ ಬೆರೆಸಿ, ಆಮೇಲೆ ಉಳಿದುದರೊಂದಿಗೆ ಕಲಸಿದರೆ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಹಸಿ ಸೋಯಾ ಕಾಳನ್ನು ಬಳಸಕೂಡದು. ಅದರಲ್ಲಿ ಜೀರ್ಣಕ್ಕೆ ಅಡ್ಡಿ ಮಾಡುವ ವಸ್ತುಗಳಿವೆ.

ಅಂಗಡಿಯಿಂದ ಕೋಳಿಮರಿಯ ಆಹಾರ ತರುವವರು ಔಷಧಿ ಬೆರೆಸದ ಆಹಾರವನ್ನೇ ಕೇಳಿ ತರಬೇಕು. ಕೋಳಿಮರಿಯ ಲೆಕ್ಕದಲ್ಲಿ ಬೆರೆಸಿದ ಔಷಧಿ, ಹೆಚ್ಚು ತಿನ್ನುವ ಬಾತುಮರಿಯ ಮೈಗೆ ಹೆಚ್ಚಾಗಿ ಸೇರೀತು.

ಎಂಟು ವಾರಗಳವರೆಗೆ ಆಹಾರ ಸದಾ ಮುಂದಿರಬೇಕು. ನಂತರ ದಿನಕ್ಕೆ ಎರಡು ಸಲ ಕೊಟ್ಟರೆ ಸಾಕು. ಆಗ ಸೋಯಾ ಮತ್ತು ಮೀನಿನ ಪಾಲನ್ನು ಇಳಿಸಿ ರಾಗಿ, ತೌಡು ಹೆಚ್ಚಿಸಬಹುದು. ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು, ಕುದುರೆಮಸಾಲೆ, ತೊಟ್ಟಿಯಲ್ಲಿ ಬೆಳೆದ ಅಜೋಲ್ಲಾ ಕೊಟ್ಟರೆ ಖರ್ಚೂ ತಗ್ಗುತ್ತದೆ. ಖಾಕಿ ಕ್ಯಾಂಪ್‌ಬೆಲ್ ತಳಿಯ ಬಾತು 20 ವಾರಗಳಾಗುವ ವೇಳೆಗೆ ಸುಮಾರು 12.5 ಕಿಲೋ ಆಹಾರ ತಿನ್ನುತ್ತದೆ. ಮರಿ ತರುವ ಮೊದಲೇ ಈ ಲೆಕ್ಕ ಹಾಕಿಕೊಂಡು, ಎಷ್ಟು ಮರಿ ಸಾಕಬಲ್ಲೆವೆಂದು ತೀರ್ಮಾನಿಸುವುದು ಜಾಣತನ.

ನೀರಿಲ್ಲದೆ ಮೇವಿಡಬೇಡಿ

ಬಾತುಮರಿ ಒಣಪುಡಿಯನ್ನು ಸುಲಭವಾಗಿ ನುಂಗಲಾರದು. ಆಹಾರಕ್ಕೆ ಸ್ವಲ್ಪ ನೀರು ಚಿಮುಕಿಸಿ, ಹಿಡಿದರೆ ಉಂಡೆಯಾಗಿ ಬಿಟ್ಟರೆ ಉದುರುವ ಹದಕ್ಕೆ ಕಲಸಬೇಕು. ಕಲಸಿದ್ದು ಒಂದೆರಡು ಗಂಟೆಯಲ್ಲಿ ಮುಗಿಯುವಷ್ಟಿರಲಿ. ಹುಳಿ ಬಂದ ಆಹಾರವನ್ನು ಚೆಲ್ಲಿ, ತಟ್ಟೆ ತೊಳೆದು ಮತ್ತೆ ಇಡಬೇಕು.

ಮೇವಿನ ಪಕ್ಕದಲ್ಲೇ ನೀರಿರಬೇಕು. ಕೊಕ್ಕು ಮತ್ತು ಮೂಗಿನ ಹೊಳ್ಳೆ ಮುಳುಗುವಷ್ಟು, ಅಂದರೆ 5ರಿಂದ 7.5 ಸೆಂಟಿಮೀಟರ್ ಆಳವಿದ್ದರೆ ಮರಿ ಕೊಕ್ಕು ತೊಳೆದುಕೊಳ್ಳುತ್ತದೆ. ಆದರೆ ಮರಿಗಳು ಪಾತ್ರೆಯೊಳಗೆ ಇಳಿಯದಂತೆ ನಡುವೆ ಕಲ್ಲುಗಳನ್ನಿಡಿ. ತಾಯಿಯಿಲ್ಲದೆ ಬೆಳೆಯುವ ಎಳೆಯ ಮರಿಯ ತುಪ್ಪುಳಕ್ಕೆ ಎಣ್ಣೆಯ ಅಂಶ ಸಾಲದೆ ಅದು ಬೇಗ ನೆನೆದು ಚಳಿಗೆ ಸಾಯುತ್ತದೆ. ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದರೆ ಕಾವು ಸಾಲದು, ದೂರ ಸರಿದು ಬಾಯಿ ತೆರೆದರೆ ಹೆಚ್ಚಾಯಿತು ಎಂದು ತಿಳಿಯಬೇಕು.

ಬೂಷ್ಟು ಹಿಡಿದ ಹಿಂಡಿ ವಿಷ

ಆಹಾರದ ಕೊರತೆಯಿಂದ ಕುಳಿತ ಮರಿಯನ್ನು ಎಬ್ಬಿಸಬಹುದು. ಬೂಷ್ಟು ಹಿಡಿದ ಹಿಂಡಿ ತಿಂದ ಮರಿಯನ್ನು ಉಳಿಸುವುದು ಕಷ್ಟ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತವು. ಅವುಗಳ ಜೊತೆಗೆ ಬಾತುಮರಿಗಳೂ ಸತ್ತವು. ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಬೆಳೆದಿದ್ದ ಬೂಷ್ಟಿನ ವಿಷವೇ ಕಾರಣವೆಂದು ಆಮೇಲೆ ತಿಳಿಯಿತು. ಆ ವಿಷವೇ ಅಫ್ಲಾಟಾಕ್ಸಿನ್. ಬಾತುಮರಿ ಈ ವಿಷಕ್ಕೆ ಎಷ್ಟು ಬೇಗ ತುತ್ತಾಗುತ್ತದೆಂದರೆ, ಹಿಂಡಿಯಲ್ಲಿ ವಿಷವಿದೆಯೇ ಎಂದು ಪರೀಕ್ಷಿಸಲು ವಿಜ್ಞಾನಿಗಳು ಅಂದು ಒಂದು ದಿನದ ಬಾತುಮರಿಗಳನ್ನೇ ಬಳಸುತ್ತಿದ್ದರು.

ಕೋಳಿ ತಿಂದು ಬದುಕಿದ ಹಿಂಡಿಯಿಂದ ಬಾತುಮರಿ ಸಾಯಬಹುದು. ಆದ್ದರಿಂದ "ಕೋಳಿಗೆ ಏನೂ ಆಗಲಿಲ್ಲ" ಎಂಬ ಧೈರ್ಯ ಬೇಡ. ಬೇಯಿಸಿದರೂ ಹುರಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಮುಸುಕಿನ ಜೋಳವನ್ನು ಚೆನ್ನಾಗಿ ಒಣಗಿಸಿ, ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಬೇಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಸಾಕಾಗುವಷ್ಟು ಮಾತ್ರ ಆಹಾರ ಕಲಸಿಡಬೇಕು. ಕಮಟು ವಾಸನೆ ಬಂದರೆ, ಹಸಿರು ಅಥವಾ ಕಪ್ಪು ಬೂಷ್ಟು ಕಂಡರೆ, ಇಡೀ ಚೀಲವನ್ನೇ ಮಣ್ಣಿನಲ್ಲಿ ಹೂಳಿ. ಬಾತುಮರಿಗಳಿಗೆ ಕಡಲೆಕಾಯಿ ಹಿಂಡಿ ಬಿಟ್ಟು ಸೋಯಾ ಹಿಂಡಿ ಬಳಸಬೇಕೆಂದು ಮೇಲೆ ಸೂಚಿಸಿರುವುದು ಇದೇ ಕಾರಣಕ್ಕೆ.

ಪೇಟೆಗೆ ಮರಿ ಮಾರುವವರಿಗೆ

ನಗರದ ಮನೆಗಳಲ್ಲಿ ಮಕ್ಕಳ ಸಂತೋಷಕ್ಕೆಂದು ಬಾತುಮರಿ ಕೊಳ್ಳುವವರುಂಟು. ಮಕ್ಕಳು ಪ್ರೀತಿಯಿಂದ ಬ್ರೆಡ್ಡು, ಬಿಸ್ಕತ್ತು, ಕಡ್ಲೆಪುರಿ ಹಾಕುತ್ತಾರೆ. ಜಯನಗರಕ್ಕೆ ಹೋದ ಆ ಎರಡು ಮರಿಗಳಿಗೂ ಬ್ರೆಡ್ಡೇ ಊಟವಾಗಿತ್ತು. ಒಂದು ಸತ್ತಿತ್ತು, ಇನ್ನೊಂದರ ಕಾಲು ಬಾಗಿತ್ತು. ಮರಿ ಮಾರುವ ರೈತರು ಪ್ರತಿ ಮರಿಯೊಡನೆ ಒಂದೆರಡು ಕಿಲೋ ಕಲಸಿದ ಆಹಾರವನ್ನೂ ಮಾರಿದರೆ ಮರಿ ಬದುಕುತ್ತದೆ, ಕೈಗೆ ನಾಲ್ಕು ಕಾಸೂ ಬರುತ್ತದೆ. ಒಂಟಿ ಮರಿಯನ್ನು ಕೊಡಬೇಡಿ. ಜೊತೆಯಿಲ್ಲದ ಬಾತುಮರಿ ಮೇವು ಬಿಟ್ಟು ಕೂಗುತ್ತಲೇ ಇರುತ್ತದೆ.

ಕುಳಿತ ಮರಿ ಕಂಡರೆ

ಮರಿ ಕುಂಟಿದ ದಿನವೇ ಪಶುವೈದ್ಯರನ್ನು ಕಾಣಬೇಕು. ಅವರು ಹೇಳಿದ ಪ್ರಮಾಣದಲ್ಲಿ 'ಬಿ' ಜೀವಸತ್ವವನ್ನು ಕುಡಿಯುವ ನೀರಿನಲ್ಲಿ ಕೊಟ್ಟು, ಆಹಾರ ಸರಿಪಡಿಸಿದರೆ ಕೆಲವೇ ದಿನಗಳಲ್ಲಿ ಗುಣ ಕಾಣುತ್ತದೆ. ತಡವಾಗಿ ಮೂಳೆ ಬಾಗಿ ಗಟ್ಟಿಯಾದ ಮೇಲೆ ಯಾವ ಔಷಧಿಯೂ ನೆಟ್ಟಗೆ ಮಾಡಲಾರದು. ಏಳಲಾರದ ಮರಿಯ ಕೊಕ್ಕಿಗೆ ಎಟಕುವಂತೆ ಮೇವು, ನೀರು ಇಡಬೇಕು. ನುಣುಪಾದ ನೆಲದ ಮೇಲೆ ಬಿಡದೆ ಗೋಣಿತಾಟಿನ ಮೇಲೆ ಬಿಡಬೇಕು.

ಮಂಕರಿಯ ಏಳು ಮರಿಗಳಲ್ಲಿ ನಾಲ್ಕು, ಹತ್ತು ದಿನದೊಳಗೆ ಎದ್ದು ನಡೆದಾಡಿದವು. ಎರಡು ಕುಂಟುತ್ತಲೇ ಬೆಳೆದವು. ಒಂದು ಉಳಿಯಲಿಲ್ಲ. ಆಕೆ ಸಂಕ್ರಾಂತಿಯ ನಂತರ ಮತ್ತೆ ಹನ್ನೆರಡು ಮರಿ ತಂದರು. ಈ ಸಲ ಮರಿ ಬರುವ ಮೊದಲೇ ಆಹಾರ ಕಲಸಿಟ್ಟಿದ್ದರು. ಹನ್ನೊಂದು ಉಳಿದಿವೆ.

ಬಾತು ಸಾಕಬಯಸುವವರು ಹೆಸರಘಟ್ಟದಲ್ಲಿರುವ ಕೇಂದ್ರ ಸರ್ಕಾರದ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಮರಿಗಳ ಬಗ್ಗೆ ಮುಂಚಿತವಾಗಿ ವಿಚಾರಿಸಬಹುದು. ಜಾನುವಾರುಗಳ ಪೋಷಣೆಯನ್ನೇ ಅಭ್ಯಸಿಸುವ ರಾಷ್ಟ್ರೀಯ ಸಂಸ್ಥೆಯೊಂದು 1995ರಿಂದ ಜಯನಗರ, ಬಿ.ಟಿ.ಎಂ. ಬಡಾವಣೆಗಳಿಗೆ ಸಮೀಪದ ಆಡುಗೋಡಿಯಲ್ಲಿದೆ. ಆದರೆ ಅಷ್ಟು ದೂರ ಹೋಗುವ ಮೊದಲು ನಿಮ್ಮ ಹತ್ತಿರದ ಪಶು ಆಸ್ಪತ್ರೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಒಮ್ಮೆ ಭೇಟಿ ಕೊಡಿ. ನಿಮ್ಮಲ್ಲಿ ಯಾವ ಕಾಳು, ಯಾವ ಹಿಂಡಿ ಸಿಗುತ್ತದೆಂದು ಹೇಳಿದರೆ, ಅದಕ್ಕೆ ತಕ್ಕ ಮಿಶ್ರಣದ ಲೆಕ್ಕವನ್ನು ಬರೆಸಿಕೊಂಡು ಬರಬಹುದು.