ಮತ ಯಾರದು? ಧಣಿಯದೋ, ದುಡಿಯುವವನದೋ?

ಚುನಾವಣೆ ಸಮೀಪಿಸಿತೆಂದರೆ ಸಾಲ್ಟ್ ಲೇಕಿನ ಸುತ್ತಮುತ್ತ ಗೋಡೆಗಳ ಮೇಲೆ ಪಕ್ಷಗಳ ಚಿಹ್ನೆಗಳು ಮೂಡುತ್ತವೆ. ಆ ದಿನಗಳಲ್ಲಿ ನಮ್ಮ ಹೋಟೆಲುಗಳ ಅಡಿಗೆಮನೆಯಲ್ಲಿಯೂ ಗುಮಾಸ್ತರ ಬಿಡಾರಗಳಲ್ಲಿಯೂ ಕೇಳಿಬರುವ ಪ್ರಶ್ನೆ ಒಂದೇ: “ಈ ಸಲ ನಮ್ಮವರ ಮತ ಯಾರಿಗೆ?” ಪರಸ್ಥಳದಲ್ಲಿ ಒಟ್ಟಾಗಿ ಬಾಳುವವರಿಗೆ ಇದು ಸಹಜವೇ ಸರಿ. ಆದರೆ ಆ “ನಮ್ಮವರ” ಪರವಾಗಿ ತೀರ್ಮಾನ ಮಾಡುವವರು ಯಾರೆಂಬುದನ್ನು ವಾಚಕರು ಒಮ್ಮೆಯಾದರೂ ವಿಚಾರಿಸಬೇಡವೆ?

ಈ ವಿಷಯದಲ್ಲಿ ನಾನೇ ತಪ್ಪಿತಸ್ಥನು. ಕೆಲವು ವರ್ಷಗಳ ಹಿಂದೆ, ನಾನಿನ್ನೂ ಗಲ್ಲಾದಲ್ಲಿ ಕುಳಿತಿದ್ದಾಗ, ವಾರ್ಡಿನ ಚುನಾವಣೆ ಬಂದಿತು. ಮತದಾನದ ಹಿಂದಿನ ರಾತ್ರಿ ಬಾಗಿಲು ಹಾಕಿದ ಮೇಲೆ, ಮತವಿದ್ದ ಕೆಲಸಗಾರರನ್ನೆಲ್ಲ ಕರೆದು, “ಇಂಥವರು ನಮ್ಮ ಹೋಟೆಲಿಗೆ ನಳ್ಳಿ ಹಾಕಿಸಿಕೊಟ್ಟಿದ್ದಾರೆ, ಎಲ್ಲರೂ ಅವರಿಗೇ ಮತ ಹಾಕಿರಿ” ಎಂದೆನು. ಎಲ್ಲರೂ ತಲೆಯಾಡಿಸಿದರು. ದೋಸೆ ಹೊಯ್ಯುವ ಭಟ್ಟರು ಮಾತ್ರ, “ಧಣಿಗಳೇ, ನಳ್ಳಿ ಬಂದದ್ದು ಹೋಟೆಲಿಗೆ. ನಾವು ಮಲಗುವ ಬಿಡಾರಕ್ಕೆ ಇಂದಿಗೂ ನೀರಿಲ್ಲ. ಅದನ್ನು ಅವರಿಗೆ ಹೇಳಿದ್ದೀರಾ?” ಎಂದು ಕೇಳಿದರು.

ನಾನು ಹೇಳಿರಲಿಲ್ಲ. ಪರವೂರಿನಲ್ಲಿ ವ್ಯಾಪಾರ ಮಾಡುವವನಿಗೆ ಸ್ಥಳೀಯ ಮುಂದಾಳುಗಳ ಅಂಜಿಕೆ ಇದ್ದೇ ಇರುತ್ತದೆ. ಆದರೆ ಅಂಜಿಕೆ ನನ್ನದು, ಉಪಕಾರ ಪಡೆದವನೂ ನಾನು. ಆ ಋಣವನ್ನು ಅವರ ಮತದಿಂದ ತೀರಿಸಹೊರಟಿದ್ದೆನು.

ಹಾಗಾದರೆ ಮತದಾರನು ನೋಡಬೇಕಾದುದು ಪಕ್ಷವನ್ನೋ, ವ್ಯಕ್ತಿಯನ್ನೋ? ನಮ್ಮ ಬಿಧಾನನಗರ ಕ್ಷೇತ್ರದಲ್ಲಿಯೇ ಇದಕ್ಕೊಂದು ಪಾಠವಿದೆ. 2021ರ ವಿಧಾನಸಭಾ ಚುನಾವಣೆಯಲ್ಲಿ ತೃಣಮೂಲ ಕಾಂಗ್ರೆಸ್ಸಿನ ಸುಜಿತ್ ಬೋಸರಿಗೆ ಎದುರಾಗಿ ಭಾರತೀಯ ಜನತಾ ಪಕ್ಷದಿಂದ ನಿಂತವರು ಸಬ್ಯಸಾಚಿ ದತ್ತರು. ದತ್ತರು ಅದೇ ತೃಣಮೂಲದಲ್ಲಿದ್ದು, ಬಿಧಾನನಗರದ ಮೇಯರೂ ಆಗಿ, 2019ರಲ್ಲಿ ಪಕ್ಷ ಬಿಟ್ಟವರು. ಬೋಸರು ಸುಮಾರು 8,000 ಮತಗಳಿಂದ ಗೆದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ದತ್ತರು ತೃಣಮೂಲಕ್ಕೆ ಮರಳಿದರು. ದತ್ತರ ಚಿಹ್ನೆಯನ್ನಷ್ಟೇ ನೋಡಿ ಅವರಿಗೆ ಮತವಿತ್ತವನು ಏನೆಂದುಕೊಂಡಿರಬೇಕು! ಪಕ್ಷದ ತತ್ತ್ವವನ್ನೂ ನೋಡಬೇಕು, ವ್ಯಕ್ತಿಯ ನಡತೆಯನ್ನೂ ನೋಡಬೇಕು; ಒಂದನ್ನು ನೋಡಿ ಮತ್ತೊಂದಕ್ಕೆ ಕಣ್ಣು ಮುಚ್ಚಬಾರದು.

ವ್ಯಕ್ತಿಯನ್ನು ಅರಿಯಲು ಸಾಧನವಿದೆ. 2002 ಮತ್ತು 2003ರಲ್ಲಿ ಸುಪ್ರೀಂ ಕೋರ್ಟು ನೀಡಿದ ತೀರ್ಪುಗಳಿಂದಾಗಿ ಪ್ರತಿಯೊಬ್ಬ ಉಮೇದುವಾರನೂ ತನ್ನ ಆಸ್ತಿ, ಸಾಲ, ವಿದ್ಯಾಭ್ಯಾಸ, ತನ್ನ ಮೇಲಿರುವ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಲೇಬೇಕು. ಯಾರು ಬೇಕಾದರೂ ಅದನ್ನು ಓದಬಹುದು. ಗುಮಾಸ್ತ ಬಂಧುಗಳು ಓದಿ, ಹೋಟೆಲಿನ ಸೋದರರಿಗೆ ಕನ್ನಡದಲ್ಲಿ ತಿಳಿಸಿದರೆ ಅದೇ ದೊಡ್ಡ ಸೇವೆ. ಎರಡು ಕನ್ನಡದ ಮಾತಾಡಿದನೆಂದು ಮರುಳಾಗುವುದೂ ಬೇಡ. ಭಾಷೆ, ಜಾತಿ, ಧರ್ಮಗಳ ಹೆಸರಿನಲ್ಲಿ ಮತ ಯಾಚಿಸುವುದು ಚುನಾವಣಾ ಭ್ರಷ್ಟಾಚಾರವೆಂಬ ಕಾನೂನು ಮತದಾರನ ಭಾಷೆ, ಜಾತಿ, ಧರ್ಮಗಳಿಗೂ ಅನ್ವಯಿಸುತ್ತದೆಂದು 2017ರ ಜನವರಿ 2ರಂದು ಅದೇ ಕೋರ್ಟು ಸಾರಿದೆ.

ಇಷ್ಟೆಲ್ಲ ವಿಚಾರಿಸಿದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಫಲವೇನು? ಊರಿನಲ್ಲಿ ಸ್ವಂತ ಮನೆಯಿದೆ ಎಂಬುದರಿಂದ ಮಾತ್ರ ಅಲ್ಲಿ ಮತದ ಹಕ್ಕು ಬರುವುದಿಲ್ಲ. ಸಾಮಾನ್ಯವಾಗಿ ವಾಸಿಸುವ ಸ್ಥಳದಲ್ಲಿ ಹೆಸರಿರಬೇಕೆಂಬುದು 1950ರ ಜನತಾ ಪ್ರಾತಿನಿಧ್ಯ ಕಾಯಿದೆಯ ನಿಯಮ. ಎರಡು ಕಡೆ ಹೆಸರಿರಕೂಡದು. ಊರಿನ ಪಟ್ಟಿಯಿಂದ ಇಲ್ಲಿಗೆ ವರ್ಗಾಯಿಸಿಕೊಳ್ಳಲು 8ನೆಯ ನಮೂನೆಯ ಅರ್ಜಿ ಕೊಟ್ಟರಾಯಿತು. ಧಣಿಗಳಿಗೂ ಒಂದು ಮಾತು: ಮತವಿರುವ ಕೆಲಸಗಾರನಿಗೆ ಮತದಾನದ ದಿನ ಸಂಬಳ ಕಡಿಯದೆ ರಜೆ ಕೊಡಬೇಕೆಂದು 1951ರ ಕಾಯಿದೆಯ 135-ಬಿ ವಿಧಿ ಹೇಳುತ್ತದೆ. ಇದು ದಿನಗೂಲಿಯವರಿಗೂ ಸಲ್ಲುತ್ತದೆ. ರಜೆ ಕೊಡುವುದು ಧಣಿಯ ಕರ್ತವ್ಯ, “ಯಾರಿಗೆ ಹಾಕಿದೆ?” ಎಂದು ಕೇಳುವುದು ಅವನ ಅಧಿಕಾರವಲ್ಲ.

ಬಂಗಾಳಿ ಲಿಪಿ ಬಾರದೆಂದು ಹಿಂಜರಿಯಬೇಕಾದುದೂ ಇಲ್ಲ. ಅಕ್ಷರ ಬಲ್ಲವರು ಕಡಮೆಯಿದ್ದ 1951–52ರ ಪ್ರಥಮ ಮಹಾಚುನಾವಣೆಯನ್ನು ಚಿಹ್ನೆಗಳ ಆಧಾರದಿಂದಲೇ ನಡೆಯಿಸಿದ ಮುಖ್ಯ ಆಯುಕ್ತ ಸುಕುಮಾರ ಸೇನರು ಬಂಗಾಳದವರೇ. ಈಗ ಯಂತ್ರದ ಮೇಲೆ ಚಿಹ್ನೆಯೊಂದಿಗೆ ಉಮೇದುವಾರನ ಭಾವಚಿತ್ರವೂ ಇದೆ. ಗುಂಡಿ ಒತ್ತಿದೊಡನೆ ಗಾಜಿನ ಹಿಂದೆ 7 ಸೆಕೆಂಡು ಕಾಣುವ ಚೀಟಿಯನ್ನು ನೋಡಿಕೊಳ್ಳಿರಿ. ಅದನ್ನು ಕಾಣುವವರು ನೀವೊಬ್ಬರೇ.

ಭಟ್ಟರು ಮರುದಿನ ಯಾರಿಗೆ ಮತವಿತ್ತರೋ ನಾನು ಕೇಳಲಿಲ್ಲ. ಬಿಡಾರದ ನೀರಂತೂ ಮುಂದಾಳುವಿನ ಹೊಣೆಯಾಗುವ ಮೊದಲು ನನ್ನ ಹೊಣೆಯಾಗಿದ್ದಿತು. ಆ ತಿಂಗಳೇ ಅಲ್ಲಿಗೂ ನಳ್ಳಿ ಹಾಕಿಸಿದೆನು. ಅದಕ್ಕೆ ಪ್ರತಿಯಾಗಿ ಯಾರ ಮತವನ್ನೂ ಕೇಳಲಿಲ್ಲ.