ದುಡಿಮೆ ಮತ್ತು ದಣಿವು

ಕರ್ನಾಟಕದ ವಾಯವ್ಯ ಭಾಗದಲ್ಲಿ, ಮಹಾರಾಷ್ಟ್ರದ ಗಡಿಗೆ ಸಮೀಪವಾಗಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಎಂಬ ಐದು ಊರುಗಳಿವೆ. ಕೃಷ್ಣಾ, ದೂಧಗಂಗಾ ಮತ್ತು ವೇದಗಂಗಾ ನದಿಗಳು ಈ ಸೀಮೆಯ ನೆಲವನ್ನು ಫಲವತ್ತಾಗಿಸಿವೆ. ಇಲ್ಲಿಯ ಜನ ಕಷ್ಟಸಹಿಷ್ಣುಗಳು. ಹೊಲದಲ್ಲಿ ಕಬ್ಬು ಬೆಳೆಯುವವರು, ಸಕ್ಕರೆ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು, ಬೀಡಿ ಕಟ್ಟುವವರು, ಚರ್ಮವನ್ನು ಹದಗೊಳಿಸಿ ಚಪ್ಪಲಿ ಹೊಲಿಯುವವರು ಎಲ್ಲರೂ ತಮ್ಮ ಮೈಯ ಬಲವನ್ನೇ ನಂಬಿ ಬದುಕಿದವರು.

ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಸೋಮವಾರದಂದು ಎತ್ತುಗಳಿಗೆ ನೊಗ ಹೂಡದಿರುವ ಪದ್ಧತಿಯುಂಟು. ಅಂದು ಎತ್ತಿನ ಮೈ ತೊಳೆದು, ಮೇವು ಹಾಕಿ, ಅದನ್ನು ನೆರಳಿಗೆ ಕಟ್ಟುತ್ತಾರೆ. ಈ ಪದ್ಧತಿಗೆ ಭಕ್ತಿಯು ಕಾರಣವಾಗಿರುವಂತೆ ಅನುಭವವೂ ಕಾರಣವಾಗಿದೆ. ಬಿಡುವಿಲ್ಲದೆ ದುಡಿದ ಎತ್ತು ಬಹುಕಾಲ ಬಾಳುವುದಿಲ್ಲವೆಂಬುದನ್ನು ಒಕ್ಕಲಿಗನು ಬಲ್ಲನು. ಎತ್ತಿನ ನಡಿಗೆ ನಿಧಾನವಾದರೆ, ಅದು ಮೇವಿಗೆ ಬಾಯಿ ಹಾಕದಿದ್ದರೆ, ಅದರ ದಣಿವನ್ನು ಅವನು ಕೂಡಲೇ ಗುರುತಿಸುತ್ತಾನೆ. ಆದರೆ ತನ್ನ ಸೊಂಟ ನೊಂದಾಗ, ತನ್ನ ನಿದ್ರೆ ಕೆಟ್ಟಾಗ ಅದೇ ಮನುಷ್ಯನು ಅದನ್ನು ಲಕ್ಷಿಸದೆ ಮತ್ತೆ ಕೆಲಸಕ್ಕೆ ಹೊರಡುತ್ತಾನೆ. ಎತ್ತಿಗೆ ತೋರಿದ ವಿವೇಕವನ್ನು ಮನುಷ್ಯನು ತನ್ನ ದೇಹಕ್ಕೆ ತೋರುವುದಿಲ್ಲ. ಇದರ ಪರಿಣಾಮವೇನು ಎಂಬುದು ವಿಚಾರ ಮಾಡತಕ್ಕ ವಿಷಯವಾಗಿದೆ.

ದಣಿವು ಒಂದು ರೋಗವಲ್ಲ. ಅದು ದೇಹವು ಕೊಡುವ ಸೂಚನೆ. ಹಸಿವು ಆಹಾರವನ್ನೂ ನೀರಡಿಕೆ ನೀರನ್ನೂ ಕೇಳುವಂತೆ ದಣಿವು ವಿಶ್ರಾಂತಿಯನ್ನು ಕೇಳುತ್ತದೆ. ನಮ್ಮ ಹೃದಯವನ್ನೇ ನೋಡಿರಿ. ಹುಟ್ಟುವ ಮೊದಲೇ ಆರಂಭವಾದ ಅದರ ಮಿಡಿತ ಜೀವವಿರುವತನಕ ನಿಲ್ಲುವುದಿಲ್ಲ. ಆದರೂ ಅದು ವಿಶ್ರಾಂತಿಯಿಲ್ಲದೆ ದುಡಿಯುತ್ತಿದೆಯೆಂದು ತಿಳಿಯುವುದು ತಪ್ಪು. ವಿಶ್ರಮಿಸಿರುವ ವಯಸ್ಕನಲ್ಲಿ ಒಂದು ಮಿಡಿತಕ್ಕೆ ಸುಮಾರು 0.8 ಸೆಕೆಂಡು ಬೇಕು. ಇದರಲ್ಲಿ ಹೃತ್ಕುಕ್ಷಿಗಳು ಸಂಕುಚಿಸುವ ಕಾಲ ಸುಮಾರು 0.3 ಸೆಕೆಂಡು, ಉಳಿದ 0.5 ಸೆಕೆಂಡು ಅವು ಸಡಿಲಗೊಂಡಿರುತ್ತವೆ. ಈ ಲೆಕ್ಕದಂತೆ ದಿನದ 24 ತಾಸುಗಳಲ್ಲಿ ಅವು ಸುಮಾರು 15 ತಾಸು ವಿಶ್ರಮಿಸುತ್ತವೆ. ದುಡಿಮೆಯ ನಡುನಡುವೆಯೇ ಬಿಡುವನ್ನು ಪಡೆಯುವುದರಿಂದ ಹೃದಯವು ಜೀವಮಾನವಿಡೀ ದುಡಿಯಬಲ್ಲದು.

ದಣಿವನ್ನು ಪ್ರಯೋಗಗಳ ಮೂಲಕ ಅಳೆಯಲು ಯತ್ನಿಸಿದವರಲ್ಲಿ ಇಟಲಿಯ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ ಪ್ರಮುಖರು. ಅವರು ಟ್ಯೂರಿನ್ ನಗರದಲ್ಲಿ ಒಂದು ಉಪಕರಣವನ್ನು ರಚಿಸಿದರು. ಅದರಲ್ಲಿ ಮುಂಗೈಯನ್ನು ಕದಲದಂತೆ ಬಿಗಿದು, ದಾರಕ್ಕೆ ಕಟ್ಟಿದ ತೂಕವನ್ನು ಒಂದೇ ಬೆರಳಿನಿಂದ ಮೇಲಿಂದ ಮೇಲೆ ಎತ್ತಬೇಕಾಗಿತ್ತು. ಬೆರಳು ಸೋಲುತ್ತ ಬಂದಂತೆ ಎತ್ತುವಿಕೆಯ ಎತ್ತರ ಕಡಿಮೆಯಾಗುವುದು ಗೆರೆಗಳಾಗಿ ಮೂಡುತ್ತಿತ್ತು. 1891ರಲ್ಲಿ ಅವರು ದಣಿವನ್ನೇ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಅವರ ಪ್ರಯೋಗಶಾಲೆಯಲ್ಲಿ ಕಂಡುಬಂದ ಒಂದು ಸಂಗತಿ ಬಹು ಬೋಧಪ್ರದವಾದುದು. ಮೂವತ್ತು ಸಲ ತೂಕವನ್ನೆತ್ತಿ ಸಂಪೂರ್ಣವಾಗಿ ಸೋತ ಬೆರಳು ಚೇತರಿಸಿಕೊಳ್ಳಲು ಎರಡು ತಾಸು ಹಿಡಿಯಿತು. ಹದಿನೈದು ಸಲ ಎತ್ತಿ ನಿಲ್ಲಿಸಿದಾಗಲಾದರೋ ಅರ್ಧ ತಾಸಿನ ಬಿಡುವು ಸಾಕಾಯಿತು. ಕೆಲಸವು ಅರ್ಧವಾದರೆ ಬೇಕಾಗುವ ವಿಶ್ರಾಂತಿ ಕಾಲುಭಾಗಕ್ಕಿಳಿಯಿತು. ಪೂರ್ತಿ ಸೋಲುವ ಮೊದಲೇ ನಿಲ್ಲುವವನಿಗೆ ಸ್ವಲ್ಪ ವಿಶ್ರಾಂತಿಯೂ ಹೆಚ್ಚು ಫಲ ಕೊಡುವುದೆಂಬುದು ಇದರಿಂದ ತಿಳಿಯುತ್ತದೆ. ತಾಸುಗಟ್ಟಲೆ ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆ ನಡೆಸಿ ಬಂದ ಅಧ್ಯಾಪಕರ ಬೆರಳು ಸಹ ಬೇಗನೆ ಸೋಲುವುದನ್ನು ಮೊಸ್ಸೊ ಕಂಡರು. ಮನಸ್ಸಿನ ದುಡಿಮೆಯೂ ದೇಹವನ್ನು ದಣಿಸುತ್ತದೆ.

ಕೆಲಸದ ಒತ್ತಡವು ಒಳಗಿನ ಅಂಗಗಳನ್ನೂ ಮುಟ್ಟುತ್ತದೆ. ಅಪಾಯ ಎದುರಾದಾಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಯ ಬಡಿತ ಏರುತ್ತದೆ, ಉಸಿರು ತೀವ್ರವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ಮಂದವಾಗುತ್ತದೆ. ಹಾವನ್ನು ಕಂಡು ಹಿಂದಕ್ಕೆ ಜಿಗಿಯುವವನಿಗೆ ಈ ಸಿದ್ಧತೆ ಉಪಕಾರಿ. ಅಪಾಯ ಕಳೆದೊಡನೆ ದೇಹವು ಮೊದಲಿನ ಸ್ಥಿತಿಗೆ ಮರಳುತ್ತದೆ. ಆದರೆ ಸಾಲದ ಚಿಂತೆ, ಮೇಲಿನವರ ಗದರಿಕೆ, ನಾಳೆಯೊಳಗೆ ಮುಗಿಸಬೇಕಾದ ಕೆಲಸ ಇವು ಹಾವಿನಂತೆ ಸರಿದು ಹೋಗುವುದಿಲ್ಲ. ಆಗ ದೇಹವು ಹಗಲಿರುಳು ಎಚ್ಚರದ ಸ್ಥಿತಿಯಲ್ಲಿಯೇ ಉಳಿಯುತ್ತದೆ. ನಿದ್ರೆ ಕೆಡುತ್ತದೆ, ತಲೆ ಭಾರವಾಗುತ್ತದೆ, ಹಸಿವು ತಪ್ಪುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ.

ಒಂದು ರಾತ್ರಿಯ ನಿದ್ರೆಯಿಂದ ಕಳೆಯುವುದು ದಣಿವು. ಎಷ್ಟು ಮಲಗಿದರೂ ಕಳೆಯದಿರುವುದಕ್ಕೆ ಬಸವಳಿಕೆಯೆಂದು ಹೆಸರಿಡಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅವರು 1974ರಲ್ಲಿ ಈ ಸ್ಥಿತಿಯನ್ನು ವಿವರಿಸಿ ಬರೆದರು. ಬಡವರ ಚಿಕಿತ್ಸಾಲಯದಲ್ಲಿ ಉತ್ಸಾಹದಿಂದ ಸೇವೆಗೆ ತೊಡಗಿದವರೇ ಕ್ರಮೇಣ ಬತ್ತಿಹೋದುದನ್ನು ಅವರು ಕಂಡಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದಕ್ಕೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿಯೆಲ್ಲ ಬರಿದಾದಂತಹ ಭಾವನೆ, ಕೆಲಸದ ವಿಷಯದಲ್ಲಿ ಬೇಸರ ಮತ್ತು ಮನಸ್ಸಿನ ದೂರ, ಕಾರ್ಯಸಾಮರ್ಥ್ಯದ ಇಳಿತ. ಆ ಸಂಸ್ಥೆಯು ಇದನ್ನು ರೋಗವೆಂದು ಕರೆಯದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಉಂಟಾಗುವ ಸ್ಥಿತಿಯೆಂದು ಕರೆದಿರುವುದು ಗಮನಾರ್ಹವಾಗಿದೆ. ಎಂದರೆ, ಇದರ ಬೇರು ದುಡಿಯುವವನ ದೌರ್ಬಲ್ಯದಲ್ಲಿ ಮಾತ್ರವಲ್ಲ, ದುಡಿಮೆಯ ರೀತಿಯಲ್ಲಿಯೂ ಇದೆ.

ಈ ಮಾತಿಗೆ ನಿಪ್ಪಾಣಿಯು ಒಳ್ಳೆಯ ನಿದರ್ಶನವಾಗಿದೆ. ಇಪ್ಪತ್ತನೆಯ ಶತಮಾನದಲ್ಲಿ ನಿಪ್ಪಾಣಿಯು ಬೀಡಿ ತಂಬಾಕಿನ ದೊಡ್ಡ ಪೇಟೆಯೆಂದು ಹೆಸರಾಗಿತ್ತು. ತಂಬಾಕನ್ನು ಬಡಿದು, ಜರಡಿಯಾಡಿ, ಹದಗೊಳಿಸುವ ಕೆಲಸದಲ್ಲಿ ಸಾವಿರಾರು ಹೆಂಗಸರು ತೊಡಗಿದ್ದರು. ಅದರ ಧೂಳು ಉಸಿರಿನೊಡನೆ ಒಳಹೋಗಿ ಕೆಮ್ಮು, ತಲೆನೋವು, ತಲೆಸುತ್ತುಗಳನ್ನು ತರುತ್ತದೆ. ಬೀಡಿ ಕಟ್ಟುವವರ ಕಷ್ಟ ಇನ್ನೊಂದು ಬಗೆಯದು. ತೊಡೆಯ ಮೇಲೆ ಮೊರವನ್ನಿಟ್ಟುಕೊಂಡು, ಬೆನ್ನು ಬಾಗಿಸಿ, ಎಲೆ ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ದಾರ ಕಟ್ಟುವ ಕೆಲಸವನ್ನು ಅವರು ದಿನವೆಲ್ಲ ಮಾಡಬೇಕು. ಕೂಲಿಯ ಲೆಕ್ಕ ತಾಸಿನ ಮೇಲಲ್ಲ, ಸಾವಿರ ಬೀಡಿಯ ಮೇಲೆ. ಕೈ ನಿಂತರೆ ಕೂಲಿ ನಿಂತಂತೆ. ಕಬ್ಬು ಕಡಿಯುವವರ ಸ್ಥಿತಿಯೂ ಇದೇ. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಹೊರ ಜಿಲ್ಲೆಗಳಿಂದ ಬಂದ ಗಂಡಹೆಂಡಿರು ನಸುಕಿನಲ್ಲಿಯೇ ಗದ್ದೆಗಿಳಿದು, ಕಬ್ಬು ಕಡಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಗಾಡಿಗೆ ಹೇರುತ್ತಾರೆ. ಅವರ ಕೂಲಿ ಟನ್ನಿನ ಲೆಕ್ಕದ್ದು. ಇಂತಹವರಿಗೆ ದೇಹದ ಸೂಚನೆ ಕೇಳಿಸುವುದಿಲ್ಲವೆಂದಲ್ಲ. ಕೇಳಿಸಿದರೂ ಅದನ್ನು ಮನ್ನಿಸುವ ಅನುಕೂಲವಿರುವುದಿಲ್ಲ.

ಆದುದರಿಂದಲೇ ವಿಶ್ರಾಂತಿಯನ್ನು ಒಂದು ಹಕ್ಕಾಗಿ ಪಡೆಯಲು ದುಡಿಯುವ ಜನರು ಬಹುಕಾಲ ಹೋರಾಡಬೇಕಾಯಿತು. ಮುಂಬಯಿಯ ಗಿರಣಿ ಕಾರ್ಮಿಕರಿಗೆ 1890ರಲ್ಲಿ ವಾರದ ರಜೆ ದೊರೆಯಿತು. ಅದಕ್ಕಾಗಿ ಶ್ರಮಿಸಿದವರು ನಾರಾಯಣ ಮೇಘಾಜಿ ಲೋಖಂಡೆ. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ತನ್ನ ಮೊಟ್ಟಮೊದಲ ಒಪ್ಪಂದದಲ್ಲಿಯೇ ಕೈಗಾರಿಕೆಗಳಿಗೆ ದಿನಕ್ಕೆ ಎಂಟು ತಾಸಿನ ದುಡಿಮೆಯನ್ನು ಗೊತ್ತುಪಡಿಸಿತು. ಭಾರತದ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಕಾರ್ಖಾನೆಯ ಆವರಣದಲ್ಲಿ ದುಡಿಯುವವರಿಗೆ ವಾರಕ್ಕೆ 48 ತಾಸಿನ ಮಿತಿಯನ್ನೂ ವಾರಕ್ಕೊಂದು ರಜೆಯನ್ನೂ ವಿಧಿಸಿತು. ಆದರೆ ಮನೆಯ ಪಡಸಾಲೆಯಲ್ಲಿ ಕುಳಿತು ಬೀಡಿ ಕಟ್ಟುವವಳ ತಾಸುಗಳನ್ನು ಎಣಿಸುವವರು ಯಾರು? ನಿಪ್ಪಾಣಿಯ ತಂಬಾಕು ಕೆಲಸದ ಹೆಂಗಸರು ಸಂಘ ಕಟ್ಟಿಕೊಂಡು ಕೂಲಿ ಮತ್ತು ಕೆಲಸದ ಸ್ಥಿತಿಗತಿಗಳ ಸುಧಾರಣೆಗಾಗಿ ಹೋರಾಡಿದರು. ‘ಯುಗಾಂತರ’ವೆಂಬ ಮಹಿಳೆಯರ ಚಿತ್ರತಂಡವು 1982ರಲ್ಲಿ ಅವರನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ನಿರ್ಮಿಸಿತು. ತಮ್ಮ ಮೈನೋವನ್ನು ಹಣೆಬರಹವೆಂದು ಸುಮ್ಮನಿರದೆ ಅದನ್ನು ಮಾತಿಗೆ ತಂದುದೇ ಆ ಹೆಂಗಸರ ಹಿರಿಮೆ.

ಹೊರಗಿನ ಸುಧಾರಣೆಯಂತೆ ಒಳಗಿನ ಅಭ್ಯಾಸವೂ ಅಗತ್ಯ. ಬಸವಳಿದವನು ತನ್ನ ದೇಹವನ್ನೇ ಮರೆತಿರುತ್ತಾನೆ. ಹೆಗಲು ಬಿಗಿದಿರುವುದು, ಹಲ್ಲು ಕಚ್ಚಿಕೊಂಡಿರುವುದು, ಉಸಿರು ಮೇಲೆಮೇಲೆ ಆಡುತ್ತಿರುವುದು ಅವನ ಅರಿವಿಗೆ ಬರುವುದಿಲ್ಲ. ದಿನಕ್ಕೆ ನಾಲ್ಕಾರು ಸಲ ಕೆಲಸವನ್ನು ನಿಲ್ಲಿಸಿ, ದೇಹವು ಏನು ಹೇಳುತ್ತಿದೆಯೆಂದು ಗಮನಿಸುವುದೇ ಚೇತರಿಕೆಯ ಮೊದಲ ಮೆಟ್ಟಿಲು. ಅನಂತರ ಉಸಿರನ್ನು ನಿಧಾನವಾಗಿ ಒಳಗೆಳೆದು ಇನ್ನೂ ನಿಧಾನವಾಗಿ ಹೊರಬಿಡಬೇಕು. ಉಸಿರು ಹೊರಬೀಳುವಾಗ ಎದೆಬಡಿತ ಸ್ವಲ್ಪ ತಗ್ಗುವುದು ಸಹಜಧರ್ಮ. ದೇಹವನ್ನು ಶಾಂತಗೊಳಿಸುವ ನರಗಳ ಕೆಲಸಕ್ಕೆ ಇದರಿಂದ ಒತ್ತಾಸೆ ದೊರೆಯುತ್ತದೆ. ಬಾಗಿ ದುಡಿಯುವವನು ಆಗಾಗ ಎದ್ದು ಬೆನ್ನನ್ನು ನೀಳಮಾಡಬೇಕು. ಕುಳಿತು ಬರೆಯುವವನು ನಾಲ್ಕು ಹೆಜ್ಜೆ ನಡೆಯಬೇಕು. ಹೊತ್ತಿಗೆ ಸರಿಯಾದ ಊಟ, ಸಾಕಷ್ಟು ನೀರು, ನೆರೆಹೊರೆಯವರೊಡನೆ ಮನಬಿಚ್ಚಿದ ಮಾತು ಇವೆಲ್ಲವೂ ಶಕ್ತಿಯನ್ನು ಮರಳಿ ತುಂಬುತ್ತವೆ. ಎಲ್ಲಕ್ಕಿಂತ ಮಿಗಿಲಾದುದು ನಿದ್ರೆ. ನಿಮ್ಮ ವಯಸ್ಸಿನವರಿಗೆ ಎಂಟರಿಂದ ಹತ್ತು ತಾಸಿನ ನಿದ್ರೆ ಬೇಕು. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಓದುವವನು ಮೊಸ್ಸೊ ಅವರ ಪ್ರಯೋಗದ ಸೋತ ಬೆರಳಿನಿಂದ ಮತ್ತೆ ತೂಕವನ್ನೆತ್ತಿಸಲು ಹೊರಟವನಂತೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಎಲ್ಲ ಆಯಾಸವೂ ಕೆಲಸದಿಂದಲೇ ಬಂದುದಲ್ಲ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ದೋಷ, ಸಕ್ಕರೆ ಕಾಯಿಲೆ, ಕ್ಷಯ, ಮನಸ್ಸಿನ ಖಿನ್ನತೆ ಇವುಗಳಲ್ಲಿಯೂ ಆಯಾಸ ಕಾಣಿಸಿಕೊಳ್ಳುತ್ತದೆ. ವಾರಗಳು ಕಳೆದರೂ ಬಿಡದ ಆಯಾಸಕ್ಕೆ ವೈದ್ಯರ ಸಲಹೆಯನ್ನೇ ಪಡೆಯಬೇಕು. ಚಹಾ, ತಂಬಾಕುಗಳಿಂದ ದಣಿವನ್ನು ಮರೆಸುವುದು ಬಾಗಿಲು ಬಡಿಯುವವನ ಸದ್ದು ಕೇಳಿಸದಂತೆ ಕಿವಿ ಮುಚ್ಚಿಕೊಂಡಂತೆ. ಬಂದವನು ಹೊರಟುಹೋಗುವುದಿಲ್ಲ, ಬಾಗಿಲಲ್ಲಿಯೇ ನಿಂತಿರುತ್ತಾನೆ.

ಹನ್ನೆರಡನೆಯ ಶತಮಾನದ ಶರಣರು ಪ್ರಾಮಾಣಿಕ ದುಡಿಮೆಯನ್ನು ಕಾಯಕವೆಂದು ಕರೆದು ಅದಕ್ಕೆ ಪೂಜೆಯ ಸ್ಥಾನವನ್ನು ಕೊಟ್ಟರು. ಆ ಪದದೊಳಗೆ ‘ಕಾಯ’ವಿದೆ, ಕಾಯವೆಂದರೆ ದೇಹ. ಕಾಯವನ್ನು ಕಡೆಗಣಿಸಿದರೆ ಕಾಯಕವು ನಿಲ್ಲಲಾರದು. ದುಡಿಯುವವನು ತನ್ನ ದಣಿವಿಗೆ ಕಿವಿಗೊಡಬೇಕು; ದುಡಿಸುವವನು ಇತರರ ದಣಿವಿಗೆ ಬೆಲೆ ಕೊಡಬೇಕು. ನಾಳೆ ನಿಮ್ಮಲ್ಲಿ ಕೆಲವರು ದುಡಿಯುವವರೂ ಕೆಲವರು ದುಡಿಸುವವರೂ ಆಗುವಿರಿ. ಇಂದು ಹೊಲದಿಂದಲೋ ಕಾರ್ಖಾನೆಯಿಂದಲೋ ಮನೆಗೆ ಮರಳುವ ನಿಮ್ಮ ತಂದೆತಾಯಿಯರು ಬಾಯಿಬಿಟ್ಟು ಹೇಳದಿದ್ದರೂ, ಅವರ ನಡಿಗೆಯಲ್ಲಿ ದಣಿವನ್ನು ಓದಬಲ್ಲಿರಾದರೆ, ಈ ವಿದ್ಯೆಯ ಮೊದಲ ಪಾಠವನ್ನು ನೀವು ಕಲಿತಂತೆಯೇ ಸರಿ.